ಅಪ್ಪನ ಕಣ್ಣಿಗೆ ಸ್ಟೆಮ್ ಸೆಲ್ ಚುಚ್ಚುಮದ್ದು: ತೋಟ ಅಡವಿಡುವ ಮೊದಲು ಕೇಳುತ್ತಿದ್ದೇನೆ

ಡೊಂಬಿವಲಿ ಮಗಳು

ಮುಂಬಯಿ ಕನ್ನಡಿಗರಲ್ಲಿ ಕಣ್ಣಿನ ವಿಷಯ ಬಲ್ಲವರಿದ್ದರೆ ದಯವಿಟ್ಟು ಪೂರ್ತಿ ಓದಿ. ಸ್ವಲ್ಪ ಉದ್ದವಾಗಿದೆ.

ಅಪ್ಪನಿಗೆ 59. ಕುಂದಾಪುರದ ಕಡೆಯಿಂದ ಹುಡುಗನಾಗಿದ್ದಾಗಲೇ ಬಂದು, ಫೋರ್ಟಿನ ಹೋಟೆಲಿನಲ್ಲಿ ಕಪ್ಪು ತೊಳೆದು, ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಕೊನೆಗೆ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರು. ಚಿಕ್ಕಂದಿನಿಂದ ಇರುಳುಗಣ್ಣು. ಅಜ್ಜಿ ಹೊನಗೊನ್ನೆ ಸೊಪ್ಪಿನ ತಂಬುಳಿ ಮಾಡಿ ಮಾಡಿ ಹಾಕಿದರಂತೆ. 38ನೇ ವಯಸ್ಸಿನಲ್ಲಿ ರೆಟಿನೈಟಿಸ್ ಪಿಗ್ಮೆಂಟೋಸಾ, ಅಂದರೆ ಕಣ್ಣಿನ ಹಿಂಪದರವಾದ ರೆಟಿನಾ ಮೆಲ್ಲಮೆಲ್ಲನೆ ಸವೆಯುವ ವಂಶವಾಹಿ ಕಾಯಿಲೆ, ಎಂದು ಗೊತ್ತಾಯಿತು. ಈಗ ಅವರಿಗೆ ಕಾಣುವುದು ಕೊಳವೆಯೊಳಗಿಂದ ನೋಡಿದಷ್ಟು. ಒಗ್ಗರಣೆ ಸೌಟಿನಲ್ಲಿ ಸಾಸಿವೆ ಸಿಡಿಯುವುದು ಕಾಣುತ್ತದೆ, ಮೊಣಕಾಲಿಗೆ ತಾಗುವ ಸ್ಟೂಲ್ ಕಾಣುವುದಿಲ್ಲ. ಪತ್ರಿಕೆಯ ಸಣ್ಣ ಅಕ್ಷರ ಓದುತ್ತಾರೆ, ಆಮೇಲೆ ಎದ್ದು ಬಾಗಿಲಿಗೆ ಹಣೆ ಹೊಡೆದುಕೊಳ್ಳುತ್ತಾರೆ. ನೆಂಟರಲ್ಲಿ ಕೆಲವರು ಇದು ನಾಟಕ ಎಂದುಕೊಂಡಿದ್ದಾರೆ. ಒಂದು ವರ್ಷದಿಂದ ಆ ಸಣ್ಣ ಅಕ್ಷರವೂ ಮಸುಕಾಗಿದೆ.

ಪಶ್ಚಿಮ ಉಪನಗರದ ಒಂದು ಕ್ಲಿನಿಕ್‌ನ ಜಾಹೀರಾತು ಅಪ್ಪನ ಮೊಬೈಲಿಗೆ ಬಂತು. ಸೊಂಟದ ಮೂಳೆಯಿಂದ ಮಜ್ಜೆ ತೆಗೆದು, ಅದರಿಂದ ಸ್ಟೆಮ್ ಸೆಲ್ (ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ) ಬೇರ್ಪಡಿಸಿ, ಅದೇ ದಿನ ಎರಡೂ ಕಣ್ಣಿಗೆ ಚುಚ್ಚುತ್ತಾರಂತೆ. ಮೂರು ಸಲ ಹೋಗಬೇಕು, ಒಟ್ಟು 4 ಲಕ್ಷ 20 ಸಾವಿರ ರೂಪಾಯಿ. 'ನೂರಕ್ಕೆ ಎಂಬತ್ತು ಮಂದಿಗೆ ಗುಣವಾಗಿದೆ' ಎಂದರು. ಊರಿನ ತೆಂಗಿನ ತೋಟದಲ್ಲಿ ತನ್ನ ಪಾಲನ್ನು ಅಡವಿಡುತ್ತೇನೆ ಎಂದು ಅಪ್ಪ ಹೊರಟಿದ್ದಾರೆ. ಚಿಕ್ಕಪ್ಪ ಆಗಲೇ ಸೊಸೈಟಿಯಲ್ಲಿ ಮಾತಾಡಿಯೂ ಬಂದಿದ್ದಾರೆ.

ನನಗೆ ಹೆದರಿಕೆ. ಬೇಡ ಎನ್ನಲೂ ಹೆದರಿಕೆ. ಹಿಂದೆ ತೋರಿಸಿದ್ದ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರು ಎರಡು ನಿಮಿಷ ನೋಡಿ, 'ಏನೂ ಮಾಡಲಾಗುವುದಿಲ್ಲ, ಆರು ತಿಂಗಳಿಗೊಮ್ಮೆ ಬನ್ನಿ' ಎಂದಿದ್ದರು. ಅಪ್ಪ ಮೆಟ್ಟಿಲಿಳಿಯುತ್ತಾ ಕೇಳಿದ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ: 'ಏನೂ ಮಾಡಲಾಗದಿದ್ದರೆ ಆರು ತಿಂಗಳಿಗೊಮ್ಮೆ ಬರುವುದೇಕೆ?' ಆ ಮೇಲೆ ನಾಲ್ಕು ವರ್ಷ ಅವರು ಯಾವ ಆಸ್ಪತ್ರೆಗೂ ಹೋಗಲಿಲ್ಲ.

ಪರೇಲ್ ಕನ್ನಡಕ

ನಾನು ಆಪ್ಟೊಮೆಟ್ರಿಸ್ಟ್, ಕಣ್ಣಾಸ್ಪತ್ರೆಯೊಂದರಲ್ಲಿ 17 ವರ್ಷದಿಂದ ಕೆಲಸ. ಮೊದಲ ಮಾತು: ಹಣ ಕಟ್ಟಬೇಡಿ. ಉಳಿದದ್ದನ್ನು ಸಾವಕಾಶವಾಗಿ ಹೇಳುತ್ತೇನೆ.

ಭಾರತದಲ್ಲಿ ಸ್ಟೆಮ್ ಸೆಲ್ ವಿಷಯಕ್ಕೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ ಸೇರಿ 2017ರಲ್ಲಿ ಹೊರಡಿಸಿದ ಮಾರ್ಗಸೂಚಿ ಇದೆ. ಅದರ ಪ್ರಕಾರ ರಕ್ತದ ಕಾಯಿಲೆಗಳಿಗೆ ಮಾಡುವ ಮಜ್ಜೆಯ ಕಸಿಯನ್ನು ಬಿಟ್ಟರೆ ಬೇರೆ ಯಾವ ಸ್ಟೆಮ್ ಸೆಲ್ ಪ್ರಯೋಗವೂ ರೂಢಿಯ ಚಿಕಿತ್ಸೆಯಲ್ಲ. ಕಣ್ಣಿನ ಹಿಂಪದರಕ್ಕೆ ಯಾರಾದರೂ ಸ್ಟೆಮ್ ಸೆಲ್ ಹಾಕುವುದಿದ್ದರೆ ಅದು ಕ್ಲಿನಿಕಲ್ ಟ್ರಯಲ್ ಆಗಿರಬೇಕು, ಅನುಮತಿ ಇರಬೇಕು, ನೈತಿಕ ಸಮಿತಿ ನೋಡಿರಬೇಕು. ಟ್ರಯಲ್ ಎಂದರೆ ಪರೀಕ್ಷೆ. ಪರೀಕ್ಷೆಗೆ ಮೈ ಒಡ್ಡಿದವನಿಂದಲೇ 4 ಲಕ್ಷ ವಸೂಲಿ ಮಾಡುವುದು ಯಾವ ನ್ಯಾಯ?

ಕ್ಲಿನಿಕ್‌ಗೆ ಫೋನ್ ಮಾಡಿ ಮೂರೇ ಪ್ರಶ್ನೆ ಕೇಳಿ. ಸಿಟಿಆರ್‌ಐಯಲ್ಲಿ, ಅಂದರೆ ದೇಶದ ಟ್ರಯಲ್‌ಗಳ ನೋಂದಣಿ ಪುಸ್ತಕದಲ್ಲಿ, ನಿಮ್ಮ ಸಂಖ್ಯೆ ಎಷ್ಟು? ಔಷಧ ನಿಯಂತ್ರಕರ ಅನುಮತಿಪತ್ರ ತೋರಿಸುತ್ತೀರಾ? ಎರಡೂ ಕಣ್ಣಿಗೆ ಒಂದೇ ದಿನ ಏಕೆ?

ಮೂರನೆಯದನ್ನು ಒತ್ತಿ ಕೇಳಿ. ನಾವು ಕಣ್ಣಿನ ಪೊರೆಯ ಆಪರೇಷನ್ನನ್ನೇ ಸಾಮಾನ್ಯವಾಗಿ ಒಂದೊಂದು ಕಣ್ಣಿಗೆ ಬೇರೆ ಬೇರೆ ದಿನ ಮಾಡುತ್ತೇವೆ, ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು. ಅಮೆರಿಕದ ಫ್ಲಾರಿಡಾದಲ್ಲಿ ಮ್ಯಾಕ್ಯುಲ, ಅಂದರೆ ರೆಟಿನಾದ ನಡುಭಾಗ, ಸವೆದ ಮೂವರು ಹೆಂಗಸರಿಗೆ ಹೊಟ್ಟೆಯ ಕೊಬ್ಬಿನಿಂದ ತೆಗೆದ 'ಸ್ಟೆಮ್ ಸೆಲ್' ಅನ್ನು ಒಂದೇ ದಿನ ಎರಡೂ ಕಣ್ಣಿಗೆ ಚುಚ್ಚಿದರು. ತಲಾ 5 ಸಾವಿರ ಡಾಲರ್ ತೆಗೆದುಕೊಂಡರು. ಮೂವರೂ ಹೆಚ್ಚು ಕಡಿಮೆ ಕುರುಡಾದರು. 2017ರಲ್ಲಿ ಅದು ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಇನ್ನೂ ಒಂದು ಮಾತು: ಆ ಕ್ಲಿನಿಕ್‌ನ ಹೆಸರಿನ ಪ್ರಯೋಗವೊಂದು ಅಲ್ಲಿನ ಸರಕಾರಿ ನೋಂದಣಿ ತಾಣದಲ್ಲಿ ಇತ್ತು. ಹಾಗಾಗಿ ನೋಂದಣಿ ಇದೆ ಎಂದ ಮಾತ್ರಕ್ಕೆ ಅನುಮತಿ ಇದೆ ಎಂದಲ್ಲ. ಎರಡೂ ಬೇಕು.

ಘಾಟ್ಕೋಪರ್ ಗಲ್ಲಾ

ಎಲ್ಲವನ್ನೂ ಮೋಸ ಎಂದುಬಿಡುವುದು ಬಹಳ ಸುಲಭ. ಸಂಬಳ ಬರುವ ಕುರ್ಚಿಯಲ್ಲಿ ಕುಳಿತವರಿಗೆ ಇನ್ನೂ ಸುಲಭ.

ನನ್ನ ಭಾವನಿಗೆ ಇದೇ ಕಾಯಿಲೆ. ಮೂರು ವರ್ಷದ ಹಿಂದೆ ಬೇರೆ ಊರಿನಲ್ಲಿ ಮಜ್ಜೆಯ ಚುಚ್ಚುಮದ್ದು ಹಾಕಿಸಿದೆವು. ಎರಡನೇ ತಿಂಗಳಿಗೆ ಬೆಸ್ಟ್ ಬಸ್ಸಿನ ನಂಬರ್ ಓದಿದ! ನಾನೇ ಪಕ್ಕದಲ್ಲಿ ನಿಂತಿದ್ದೆ, ಯಾರೋ ಹೇಳಿದ್ದಲ್ಲ. ಆಮೇಲೆ ಮತ್ತೆ ಮಂಜಾಯಿತು, ಎರಡನೇ ಸಲ ಹಾಕಿಸಲು ದುಡ್ಡಿರಲಿಲ್ಲ. ಹೈದರಾಬಾದಿನಲ್ಲಿ ಸ್ಟೆಮ್ ಸೆಲ್‌ನಿಂದ ನೂರಾರು ಮಂದಿಗೆ ಕಣ್ಣು ಬಂದಿದೆ, ಎಲ್ಲ ಪತ್ರಿಕೆಗಳಲ್ಲಿಯೂ ಬಂದಿತ್ತು. ಅದೂ ಸುಳ್ಳೇ?

ದೊಡ್ಡ ಆಸ್ಪತ್ರೆಯವರು 'ಏನೂ ಇಲ್ಲ' ಎಂದು ಕಳಿಸುತ್ತಾರೆ. ಇವರು ಕೂರಿಸಿಕೊಂಡು ಮಾತಾಡುತ್ತಾರೆ, ಚಹಾ ಕೊಡುತ್ತಾರೆ. ಮನುಷ್ಯ ಯಾರ ಬಳಿ ಹೋಗುತ್ತಾನೆ, ನೀವೇ ಹೇಳಿ.

ಪಾಷಾಣ್ ನಿವಾಸಿ

ಪುಣೆಯಿಂದ. ನಾನು ವೈದ್ಯನಲ್ಲ, ಕೋಶಗಳನ್ನು ಬೆಳೆಸುವ ಪ್ರಯೋಗಾಲಯದಲ್ಲಿ ಕೆಲಸ. ಗಲ್ಲಾ ಅವರು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಆದರೆ ಒಂದೇ ಹೆಸರಿನ ಮೂರು ಬೇರೆ ವಸ್ತುಗಳು ಅಲ್ಲಿ ಸೇರಿಕೊಂಡಿವೆ.

ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯಲ್ಲಿ ಆದದ್ದು ನಿಜ, ಬಹಳ ದೊಡ್ಡ ಕೆಲಸವೂ ಹೌದು. ಆದರೆ ಅದು ಕಾರ್ನಿಯಾ, ಕಣ್ಣಿನ ಮುಂದಿನ ಗಾಜು. ಸುಣ್ಣವೋ ಆಸಿಡ್ಡೋ ಸಿಡಿದು ಆ ಗಾಜಿನ ಅಂಚಿನ ಕೋಶಗಳು ಸುಟ್ಟುಹೋದವರಿಗೆ, ಚೆನ್ನಾಗಿರುವ ಕಣ್ಣಿನ ಅಂಚಿನಿಂದ ಚೂರು ತೆಗೆದು ನೆಡುತ್ತಾರೆ. ಚರ್ಮಕ್ಕೆ ಚರ್ಮ ಹಾಕಿದ ಹಾಗೆ. ರೆಟಿನಾ ಇರುವುದು ಹಿಂದುಗಡೆ, ಅದು ಮಿದುಳಿನದೇ ಒಂದು ತುಂಡು. ಮುಂದಿನ ಗಾಜು ಬದಲಿಸಿದರು ಎಂದರೆ ಕ್ಯಾಮೆರಾದ ಒಳಗಿನ ಫಿಲ್ಮನ್ನೂ ಬದಲಿಸಿದರು ಎಂದಲ್ಲ.

ಈಗ ಆ ಹಿಂಪದರ. ಹೋಟೆಲಿನವರೇ ಹೆಚ್ಚು ಇರುವುದರಿಂದ ಹೋಟೆಲಿನ ಲೆಕ್ಕದಲ್ಲಿ ಹೇಳುತ್ತೇನೆ. ಬೆಳಕನ್ನು ಹಿಡಿಯುವ ಕೋಶಗಳು ಸಪ್ಲೈಯರ್‌ಗಳು. ಅವರಲ್ಲಿ ಎರಡು ಪಾಳಿ: ಮಬ್ಬುಬೆಳಕಿಗೆ ಮತ್ತು ಅಂಚಿನ ನೋಟಕ್ಕೆ ದಂಡಕೋಶಗಳು, ಹಗಲಿಗೆ, ಬಣ್ಣಕ್ಕೆ, ಓದಿಗೆ ಶಂಕುಕೋಶಗಳು. ಅವರ ಬೆನ್ನಿಗೆ ಒಂದು ಕಪ್ಪು ಪದರ ಇದೆ, ಆರ್‌ಪಿಇ ಎನ್ನುತ್ತಾರೆ. ಅದು ಅಡುಗೆಮನೆ. ಸಪ್ಲೈಯರ್‌ಗಳಿಗೆ ಊಟ ಹಾಕುವುದು, ಅವರು ತಂದು ಸುರಿಯುವ ಎಂಜಲು ಬಳಿಯುವುದು ಎಲ್ಲ ಅದರದೇ ಕೆಲಸ. ವಯಸ್ಸಾದವರ ಮ್ಯಾಕ್ಯುಲ ಸವೆತದಲ್ಲಿ ಮೊದಲು ಹಾಳಾಗುವುದು ಹೆಚ್ಚಾಗಿ ಈ ಅಡುಗೆಮನೆ. ರೆಟಿನೈಟಿಸ್ ಪಿಗ್ಮೆಂಟೋಸಾದಲ್ಲಿ ಹೆಚ್ಚಿನವರಿಗೆ ಸಪ್ಲೈಯರ್‌ಗಳೇ ಸಾಯುತ್ತಾರೆ, ರಾತ್ರಿಪಾಳಿಯವರು ಮೊದಲು. ಅದಕ್ಕೇ ಚಿಕ್ಕಂದಿನಲ್ಲಿ ಇರುಳುಗಣ್ಣು, ಆಮೇಲೆ ಕೊಳವೆ ನೋಟ. ಹೊನಗೊನ್ನೆ ಸೊಪ್ಪು ಪಾಪ ಏನು ಮಾಡೀತು.

ಹೊರಗಿನಿಂದ ಅಡುಗೆಯವನನ್ನು ತಂದು ಕೂರಿಸುವುದು ಕಷ್ಟ, ಆದರೆ ಆಗುತ್ತದೆ. ಹೊಸ ಸಪ್ಲೈಯರ್‌ನನ್ನು ತಂದರೆ ಅವನಿಗೆ ಪ್ರತಿ ಮೇಜೂ ಪ್ರತಿ ಗಿರಾಕಿಯೂ ಗೊತ್ತಿರಬೇಕು, ಅಂದರೆ ಮುಂದಿನ ನರಕೋಶಗಳೊಂದಿಗೆ ತಂತು ಕೂಡಬೇಕು. ಅಲ್ಲಿ ವಿಜ್ಞಾನ ಇನ್ನೂ ಏದುಸಿರು ಬಿಡುತ್ತಿದೆ.

ಈವರೆಗಿನ ನಿಜವಾದ ಕಥೆ ಹೀಗಿದೆ. ಮಾನವ ಭ್ರೂಣದ ಸ್ಟೆಮ್ ಸೆಲ್‌ನಿಂದ ಆರ್‌ಪಿಇ ಬೆಳೆಸಿ ರೋಗಿಗಳ ಕಣ್ಣಿಗೆ ಹಾಕಿದ ಮೊದಲ ವರದಿ 2012ರಲ್ಲಿ ಲಾಸ್ ಏಂಜಲಿಸ್‌ನಿಂದ ಬಂತು. ಅದೇ ವರ್ಷ ಜಪಾನಿನ ಶಿನ್ಯಾ ಯಮಾನಾಕ ಅವರಿಗೆ ನೊಬೆಲ್ ಬಂತು. ಬೆಳೆದುನಿಂತ ಚರ್ಮದ ಕೋಶವನ್ನು ನಾಲ್ಕು ಜೀನ್‌ಗಳ ಬಲದಿಂದ ಮತ್ತೆ ಹಸುಗೂಸಿನ ಸ್ಥಿತಿಗೆ ತರಬಹುದು ಎಂದು ತೋರಿಸಿದವರು ಅವರು. 2014ರ ಸೆಪ್ಟೆಂಬರ್‌ನಲ್ಲಿ ಕೋಬೆಯಲ್ಲಿ ಮಸಾಯೊ ತಕಾಹಾಶಿ ಅವರ ತಂಡ ಎಪ್ಪತ್ತು ದಾಟಿದ ಒಬ್ಬ ಮಹಿಳೆಗೆ ಅವರದೇ ಚರ್ಮದಿಂದ ಬೆಳೆಸಿದ ಆರ್‌ಪಿಇ ಹಾಳೆ ಹಾಕಿತು. ಒಂದು ವರ್ಷದ ಮೇಲೆ ನೋಟ ಹೆಚ್ಚಲಿಲ್ಲ, ಕುಗ್ಗಲೂ ಇಲ್ಲ. ಹಾಳೆ ನಿಂತಿತ್ತು. ಎರಡನೆಯ ರೋಗಿಯ ಕೋಶಗಳು ಸಿದ್ಧವಾಗಿದ್ದವು, ಆದರೆ ಅವುಗಳ ಜೀನ್‌ಗಳಲ್ಲಿ ಬದಲಾವಣೆ ಕಂಡಿತು ಎಂದು ಆಪರೇಷನ್ ಮಾಡದೆಯೇ ನಿಲ್ಲಿಸಿದರು. ಇದನ್ನು ಎರಡು ಸಲ ಓದಿ. ತಿಂಗಳುಗಟ್ಟಲೆ ದುಡಿದು ಬೆಳೆಸಿದ ಕೋಶವನ್ನು ಅವರು ಚುಚ್ಚಲಿಲ್ಲ. ಇತ್ತ ನಮ್ಮ ಕ್ಲಿನಿಕ್ ಬೆಳಿಗ್ಗೆ ಸೊಂಟದಿಂದ ತೆಗೆದದ್ದನ್ನು ಮಧ್ಯಾಹ್ನಕ್ಕೆ ಕಣ್ಣಿಗೆ ಹಾಕುತ್ತದೆ.

2018ರಲ್ಲಿ ಲಂಡನ್ನಿನ ಮೂರ್‌ಫೀಲ್ಡ್ಸ್ ಆಸ್ಪತ್ರೆಯವರು ಇಬ್ಬರಿಗೆ 6 ಮಿಲಿಮೀಟರ್ ಉದ್ದ, 4 ಮಿಲಿಮೀಟರ್ ಅಗಲದ ಆರ್‌ಪಿಇ ತೇಪೆ ಹಾಕಿ, ಓದಲು ಆಗದಿದ್ದವರು ಓದಿದ್ದನ್ನು ವರದಿ ಮಾಡಿದರು. 2022ರಲ್ಲಿ ಅಮೆರಿಕದ ರಾಷ್ಟ್ರೀಯ ಕಣ್ಣಿನ ಸಂಸ್ಥೆಯಲ್ಲಿ ಭಾರತೀಯ ಮೂಲದ ಕಪಿಲ್ ಭಾರ್ತಿ ಅವರ ತಂಡದ ತೇಪೆಯನ್ನು ಒಣ (ರಕ್ತನಾಳ ಸೋರದ ಬಗೆಯ) ಮ್ಯಾಕ್ಯುಲ ಸವೆತದ ರೋಗಿಯೊಬ್ಬರಿಗೆ ಹಾಕಿದರು. ಬೆಂಗಳೂರಿನ ಐಸ್ಟೆಮ್ ಕಂಪನಿಯೂ ಇದೇ ಒಣ ಸವೆತಕ್ಕೆ ಆರ್‌ಪಿಇ ಕೋಶಗಳನ್ನು ಬೆಳೆಸಿ ಮನುಷ್ಯರಲ್ಲಿ ಪರೀಕ್ಷೆಗೆ ಇಳಿದಿದೆ. ಗಮನಿಸಿ, ಇವೆಲ್ಲ ಅಡುಗೆಮನೆಯ ರಿಪೇರಿ. ಸಪ್ಲೈಯರ್‌ಗಳ ವಿಷಯಕ್ಕೆ ಬಂದರೆ, 2020ರ ಅಕ್ಟೋಬರ್‌ನಲ್ಲಿ ಕೋಬೆಯಲ್ಲಿಯೇ ರೆಟಿನೈಟಿಸ್ ಪಿಗ್ಮೆಂಟೋಸಾ ರೋಗಿಗೆ ಪ್ರಯೋಗಾಲಯದಲ್ಲಿ ಬೆಳೆಸಿದ ರೆಟಿನಾದ ತುಣುಕು ಹಾಕಿದರು. ಅದು ಸುರಕ್ಷತೆ ನೋಡುವುದಕ್ಕೆ ಮಾಡಿದ ಕೆಲಸ.

ಮೂರನೆಯ ವಸ್ತು ಮಜ್ಜೆ. ಮಜ್ಜೆಯ ಕೋಶಕ್ಕೆ ರಕ್ತ ಮಾಡಲು ಗೊತ್ತು. ಅದನ್ನು ಕಣ್ಣಿನ ಲೋಳೆಯೊಳಗೆ ಬಿಟ್ಟ ಮಾತ್ರಕ್ಕೆ ದಂಡಕೋಶವಾಗುವುದಿಲ್ಲ. ಬ್ರೆಜಿಲಿನಲ್ಲಿ ಇದನ್ನು ಕ್ರಮಬದ್ಧವಾಗಿಯೇ ಮಾಡಿ ನೋಡಿದರು, 20 ಮಂದಿ ರೆಟಿನೈಟಿಸ್ ಪಿಗ್ಮೆಂಟೋಸಾ ರೋಗಿಗಳಲ್ಲಿ. ಮೂರನೇ ತಿಂಗಳಿಗೆ ರೋಗಿಗಳು 'ಬದುಕು ಸುಧಾರಿಸಿದೆ' ಎಂದರು. ವರ್ಷ ತುಂಬುವಾಗ ಮೊದಲಿನಂತೆಯೇ. ಗಲ್ಲಾ ಅವರೇ, ನಿಮ್ಮ ಭಾವ ಬಸ್ಸಿನ ನಂಬರ್ ಓದಿದ್ದು, ಆಮೇಲೆ ಮಂಜಾದದ್ದು, ಎರಡೂ ಆ ಲೆಕ್ಕಕ್ಕೆ ಹೊಂದುತ್ತವೆ. ಎರಡನೇ ಸಲಕ್ಕೆ ದುಡ್ಡಿಲ್ಲದೆ ಹೋದದ್ದು ಅವರ ಪುಣ್ಯ ಎಂದೇ ನನ್ನ ಎಣಿಕೆ, ಬೇಸರಿಸಬೇಡಿ.

ಘಾಟ್ಕೋಪರ್ ಗಲ್ಲಾ

ಬೇಸರವಿಲ್ಲ. ಕಾರ್ನಿಯಾ ಬೇರೆ ಎಂಬುದು ಇಷ್ಟು ವರ್ಷ ನನಗೆ ತಿಳಿದಿರಲಿಲ್ಲ, ಒಪ್ಪಿಕೊಳ್ಳುತ್ತೇನೆ. ಆದರೆ ಕೋಬೆ, ಲಂಡನ್ ಎಂದು ಹೇಳಿದಿರಲ್ಲ, ಅದು ಘಾಟ್ಕೋಪರ್‌ಗೆ ಬರುವಷ್ಟರಲ್ಲಿ ಭಾವ ಇರುತ್ತಾನೆಯೇ?

ಸುರಂಗದ ತುದಿ

ನನಗೂ ಇದೇ ಕಾಯಿಲೆ. ವಯಸ್ಸು 44, ಬ್ಯಾಂಕ್ ಉದ್ಯೋಗಿ, ಮನೆ ಕಲ್ವಾ. ಸ್ಕ್ರೀನ್ ಓದುವ ತಂತ್ರಾಂಶದಲ್ಲಿ ಇದನ್ನು ಕೇಳುತ್ತಿದ್ದೇನೆ, ಅದು 'ಸಪ್ಲೈಯರ್' ಎಂಬ ಪದಕ್ಕೆ ತಡವರಿಸಿದ ರೀತಿ ಕೇಳಿ ನಗು ಬಂತು.

2004ರಲ್ಲಿ ನನಗೆ ಒಬ್ಬರು ಹೇಳಿದ್ದರು: ಹತ್ತು ವರ್ಷ ತಡೆ, ಮದ್ದು ಬರುತ್ತದೆ. 2014ರಲ್ಲಿ ಇನ್ನೊಬ್ಬರು ಹೇಳಿದರು: ಹತ್ತು ವರ್ಷ ತಡೆ. ಹಾಗೆ ಹೇಳುವವರ ಮೇಲೆ ನನಗೆ ಸಿಟ್ಟಿಲ್ಲ, ಅವರು ಲೆಕ್ಕ ತಪ್ಪಿದರು, ಅಷ್ಟೆ. ನನಗೆ ಸಿಟ್ಟಿರುವುದು ನನ್ನ ಮೇಲೆಯೇ. ಆ ಇಪ್ಪತ್ತು ವರ್ಷದಲ್ಲಿ ಬಿಳಿಕೋಲು ಹಿಡಿಯಲು ಕಲಿಯಲಿಲ್ಲ. ಮದ್ದು ಬರುತ್ತದಲ್ಲ, ಕೋಲು ಏಕೆ ಎಂದುಕೊಂಡೆ. ಕುರ್ಲಾದಲ್ಲಿ ಪ್ಲಾಟ್‌ಫಾರ್ಮ್‌ನಿಂದ ಬಿದ್ದು ಮೊಣಕೈ ಮುರಿದ ಮೇಲೆ ವರಳಿಯ ನ್ಯಾಷನಲ್ ಅಸೋಸಿಯೇಷನ್ ಫಾರ್ ದಿ ಬ್ಲೈಂಡ್‌ಗೆ ಹೋದೆ.

ಡೊಂಬಿವಲಿಯವರೇ, ಅಪ್ಪನನ್ನು ಒಂದು ಸಂಜೆ ಸ್ಟೇಷನ್ನಿಗೆ ಕರೆದುಕೊಂಡು ಹೋಗಿ. ಅಂಗವಿಕಲರ ಬೋಗಿ ನಿಲ್ಲುವ ಜಾಗದಲ್ಲಿ ಮೇಲಿನಿಂದ ಒಂದೇ ಸಮನೆ ಬೀಪ್ ಸದ್ದು ಬರುತ್ತಿರುತ್ತದೆ. ಕಣ್ಣಿದ್ದವರಿಗೆ ಅದು ಕೇಳಿಸುವುದೇ ಇಲ್ಲ. ನನ್ನ ತಮ್ಮ 15 ವರ್ಷ ಅದರ ಕೆಳಗೆ ನಿಂತು ಗಾಡಿ ಹಿಡಿದವನು, 'ಇಲ್ಲಿ ಎಲ್ಲಿ ಸದ್ದು?' ಎಂದು ಕೇಳಿದ. ಅಪ್ಪ ಗಲ್ಲಾದಲ್ಲಿ ಇದ್ದವರಾದರೆ ರಿಸರ್ವ್ ಬ್ಯಾಂಕಿನ 'ಮಣಿ' ಆ್ಯಪ್ ಹಾಕಿಕೊಡಿ. ನೋಟನ್ನು ಮೊಬೈಲಿನ ಮುಂದೆ ಹಿಡಿದರೆ ಎಷ್ಟರದು ಎಂದು ಹೇಳುತ್ತದೆ.

ಅಂಗವೈಕಲ್ಯದ ಪ್ರಮಾಣಪತ್ರವನ್ನೂ ಮಾಡಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಅಕ್ಷರ ಎಷ್ಟು ಓದುತ್ತೀರಿ ಎಂಬುದಷ್ಟೇ ಅಲ್ಲ, ನೋಟದ ಅಗಲವೂ ಲೆಕ್ಕಕ್ಕೆ ಬರುತ್ತದೆ. 10 ಡಿಗ್ರಿಗಿಂತ ಕಡಿಮೆ ಇದ್ದರೆ ಸಾಸಿವೆ ಕಂಡರೂ ಕಾಯಿದೆಯ ಕಣ್ಣಿನಲ್ಲಿ ಅದು ಅಂಧತ್ವವೇ. ನಾಟಕ ಎನ್ನುವ ನೆಂಟರಿಗೆ ಆ ಕಾಗದ ತೋರಿಸಬಹುದು.

ಠಾಣೆ ಅತ್ತಿಗೆ

ಇದನ್ನು ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನಮ್ಮ ಮೈದುನನಿಗೆ ಹಾಕಿಸಿದ್ದೆವು. ಕ್ಲಿನಿಕ್ ಯಾವುದು, ಊರು ಯಾವುದು ಎಂದು ಹೇಳುವುದಿಲ್ಲ.

ಬೆಳಿಗ್ಗೆ ಎಂಟಕ್ಕೆ ಹೋದೆವು. ಮಧ್ಯಾಹ್ನ ಎರಡಕ್ಕೆ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ ಕಳಿಸಿದರು. ಸಹಿ ಹಾಕಿಸಿಕೊಂಡ ಕಾಗದ ಹನ್ನೊಂದು ಪುಟ, ಪೂರ್ತಿ ಇಂಗ್ಲಿಷ್. ರಸೀದಿಯಲ್ಲಿ 'ಸೇವಾ ಶುಲ್ಕ' ಎಂದಿತ್ತು, ಯಾವ ಸೇವೆ ಎಂದು ಬರೆದಿರಲಿಲ್ಲ. ಮೂರನೇ ವಾರ ಅವನು ಬಲಗಣ್ಣಿನಲ್ಲಿ ಪರದೆ ಇಳಿಯುತ್ತಿದೆ ಎಂದ. ಫೋನ್ ಮಾಡಿದರೆ 'ಕೋಶಗಳು ಕೆಲಸ ಮಾಡುತ್ತಿವೆ, ಅದು ಒಳ್ಳೆಯ ಲಕ್ಷಣ' ಎಂದರು. ಹನ್ನೆರಡು ದಿನ ಆ ಮಾತನ್ನು ನಂಬಿ ಕುಳಿತೆವು. ಬೇರೆ ಆಸ್ಪತ್ರೆಗೆ ಹೋದಾಗ, ಕಣ್ಣಿನೊಳಗೆ ಜಾಳುಜಾಳಾದ ಪೊರೆ ಬೆಳೆದು ರೆಟಿನಾವನ್ನು ಎಳೆದು ಕಿತ್ತಿದೆ ಎಂದರು. ಆಪರೇಷನ್ ಆಯಿತು. ಬಲಗಣ್ಣಿಗೆ ಈಗ ಬೆಳಕೂ ಕಾಣುವುದಿಲ್ಲ.

ಅವನಿಗೆ ಆ ಕಣ್ಣಿನಲ್ಲಿ ಮೊದಲು ಮಗಳ ಮುಖ ಕಾಣುತ್ತಿತ್ತು. ಕೊಳವೆಯೊಳಗೇ ಆದರೂ ಕಾಣುತ್ತಿತ್ತು. 'ಹೇಗೂ ಹೋಗುವ ಕಣ್ಣು, ಪ್ರಯತ್ನಿಸಿದರೆ ನಷ್ಟವೇನು' ಎಂದು ನಾವೇ ಅವನನ್ನು ಒಪ್ಪಿಸಿದ್ದು.

ನಿರ್ವಾಹಕ

ಕ್ಲಿನಿಕ್‌ಗಳ ಹೆಸರು, ಫೋನ್ ಸಂಖ್ಯೆ ಹಾಕಿದ್ದ ಎರಡು ಉತ್ತರಗಳನ್ನು ತೆಗೆದಿದ್ದೇನೆ. ಒಂದು ಹೊಗಳಿಕೆ, ಒಂದು ಬೈಗುಳ. ಮುಂದುವರಿಸಿ.

ಬೈನಾ ಬೀಚ್

ವಾಸ್ಕೊದಿಂದ. ಈ ಚರ್ಚೆಯ ಅರ್ಧ ಭಾಗ ನಮ್ಮ ವಾಟ್ಸಾಪ್ ಗುಂಪಿಗೆ ಬಂದು ಒಂದು ಅವಾಂತರವಾಗಿದೆ. ಅಮ್ಮನಿಗೆ 71. ಹೋದ ವರ್ಷ ಕಿಟಕಿಯ ಸರಳು ನಡುವೆ ಬಾಗಿದ ಹಾಗೆ ಕಾಣುತ್ತಿದೆ ಎಂದರು. ಮನೆ ಹಳೆಯದು, ನಿಜವಾಗಿಯೂ ಬಾಗಿರಬೇಕು ಎಂದು ನಾನು ಕೈಯಿಂದ ಸವರಿ ನೋಡಿದ್ದೆ! ಪರೀಕ್ಷೆ ಮಾಡಿಸಿದರೆ ತೇವದ ಮ್ಯಾಕ್ಯುಲ ಸವೆತ. ಕಣ್ಣಿಗೆ ಚುಚ್ಚುಮದ್ದು ಶುರುವಾಗಿ ನಾಲ್ಕು ಆಗಿವೆ. ಈಗ 'ಕಣ್ಣಿಗೆ ಚುಚ್ಚುಮದ್ದು ಮೋಸ, ಫ್ಲಾರಿಡಾದಲ್ಲಿ ಕುರುಡಾದರು' ಎಂಬ ಸಂದೇಶ ನೋಡಿ ಐದನೆಯದಕ್ಕೆ ಬರುವುದಿಲ್ಲ ಎಂದು ಹಟ ಹಿಡಿದಿದ್ದಾರೆ. ಏನು ಹೇಳಲಿ?

ಪರೇಲ್ ಕನ್ನಡಕ

ನಾಳೆಯೇ ಕರೆದುಕೊಂಡು ಹೋಗಿ. ತಡಮಾಡಬೇಡಿ.

ಅದು ಸ್ಟೆಮ್ ಸೆಲ್ ಅಲ್ಲ, ಅದಕ್ಕೂ ಇದಕ್ಕೂ ಸೂಜಿ ಒಂದನ್ನು ಬಿಟ್ಟರೆ ಸಂಬಂಧವಿಲ್ಲ. ತೇವದ ಬಗೆಯಲ್ಲಿ ರೆಟಿನಾದ ಅಡಿಯಲ್ಲಿ ಬೇಡದ ರಕ್ತನಾಳಗಳು ಹುಟ್ಟಿ ಸೋರುತ್ತವೆ. ವಿಇಜಿಎಫ್ ಎಂಬ ಪ್ರೋಟೀನನ್ನು ತಡೆಯುವ ಮದ್ದು ಆ ಸೋರಿಕೆಯನ್ನು ನಿಲ್ಲಿಸುತ್ತದೆ. ಅಂಥದೊಂದು ಮದ್ದಾದ ರಾನಿಬಿಜುಮ್ಯಾಬ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2006ರಲ್ಲಿ. ಅಲ್ಲಿಂದ ಈಚೆಗೆ ಲೋಕದಲ್ಲಿ ಲಕ್ಷಾಂತರ ಮಂದಿ ಓದುವ ನೋಟ ಉಳಿಸಿಕೊಂಡಿರುವುದು ಈ ಜಾತಿಯ ಮದ್ದುಗಳಿಂದ. ಆದರೆ ನಡುವೆ ಬಿಟ್ಟರೆ ನಾಳಗಳು ಮತ್ತೆ ಸೋರುತ್ತವೆ, ಗಾಯದ ಕಲೆ ಕಟ್ಟಿದ ಮೇಲೆ ಹಿಂದಕ್ಕೆ ತರಲು ಆಗುವುದಿಲ್ಲ. ಸಂದೇಶವನ್ನು ಅರ್ಧ ಕತ್ತರಿಸಿ ಹಂಚಿದವರು ಯಾರೋ, ಅವರು ಈ ಪ್ಯಾರಾವನ್ನೂ ಹಂಚಲಿ.

ಅಮ್ಮನಿಗೆ ಹೇಳಿ, ಬೆಳಿಗ್ಗೆ ಒಂದೊಂದೇ ಕಣ್ಣು ಮುಚ್ಚಿ ಅದೇ ಕಿಟಕಿಯ ಸರಳು ನೋಡಲಿ. ಹೊಸ ವಕ್ರ ಕಂಡರೆ ಅಂದೇ ಫೋನ್ ಮಾಡಲಿ.

ಘಾಟ್ಕೋಪರ್ ಗಲ್ಲಾ

ಒಂದು ಕೊನೆಯ ಪ್ರಶ್ನೆ, ಜಗಳಕ್ಕಲ್ಲ. ಭಾವನನ್ನು ಸರಿಯಾದ ಟ್ರಯಲ್‌ಗೆ ಸೇರಿಸಬೇಕೆಂದರೆ ಏನು ಮಾಡಬೇಕು?

ಪಾಷಾಣ್ ನಿವಾಸಿ

ಸಿಟಿಆರ್‌ಐ ತಾಣ ಎಲ್ಲರಿಗೂ ತೆರೆದಿದೆ, ಕಾಯಿಲೆಯ ಹೆಸರು ಹಾಕಿ ಹುಡುಕಬಹುದು. ಎಲ್ಲಿ ನಡೆಯುತ್ತಿದೆ, ಯಾರನ್ನು ಸೇರಿಸಿಕೊಳ್ಳುತ್ತಾರೆ, ನೈತಿಕ ಸಮಿತಿ ಯಾವುದು, ಔಷಧ ನಿಯಂತ್ರಕರ ಅನುಮತಿ ಯಾವ ಹಂತದಲ್ಲಿದೆ ಎಂಬುದೆಲ್ಲ ಅಲ್ಲಿರುತ್ತದೆ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಟ್ರಯಲ್‌ನಿಂದ ಹಾನಿಯಾದರೆ ಚಿಕಿತ್ಸೆಯನ್ನೂ ಪರಿಹಾರವನ್ನೂ ನಡೆಸುವವರೇ ಕೊಡಬೇಕು. ಅದನ್ನು ಬರೆದುಕೊಡದ ಜಾಗದಲ್ಲಿ ಕೂರಬೇಡಿ.

ಆದರೆ ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿ. ಮೊದಲ ಹಂತದಲ್ಲಿ ನೋಡುವುದು ನಿಮ್ಮ ಭಾವನಿಗೆ ಕಣ್ಣು ಬರುತ್ತದೆಯೇ ಎಂದಲ್ಲ, ಮದ್ದಿನಿಂದ ಕೇಡಾಗುತ್ತದೆಯೇ ಎಂದು. ಹೆಚ್ಚಾಗಿ ನೋಟ ಬಹಳ ಕೆಟ್ಟ ಒಂದು ಕಣ್ಣಿಗೆ ಮಾತ್ರ ಹಾಕುತ್ತಾರೆ. ಬೇರೆಯವರ ಕೋಶವಾದರೆ ದೇಹ ಅದನ್ನು ಹೊರದೂಡದಂತೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ನುಂಗಬೇಕಾಗಬಹುದು, ಸಕ್ಕರೆ ಕಾಯಿಲೆ ಇದ್ದವರಿಗೆ ಅದು ಸಣ್ಣ ವಿಷಯವಲ್ಲ. ಈಗಾಗಲೇ ಮಜ್ಜೆ ಚುಚ್ಚಿಸಿಕೊಂಡಿದ್ದಾರೆ ಎಂಬ ಕಾರಣಕ್ಕೇ ಅವರನ್ನು ಸೇರಿಸಿಕೊಳ್ಳದೆ ಇರಬಹುದು. ಇದನ್ನು ಕ್ಲಿನಿಕ್‌ನವರು ಹೇಳಿರುವುದಿಲ್ಲ.

ಅದಕ್ಕಿಂತ ಮೊದಲು ಜೀನ್ ಪರೀಕ್ಷೆ. ರೆಟಿನೈಟಿಸ್ ಪಿಗ್ಮೆಂಟೋಸಾ ಒಂದು ಕಾಯಿಲೆಯಲ್ಲ, 80ಕ್ಕೂ ಹೆಚ್ಚು ಜೀನ್‌ಗಳಲ್ಲಿ ಯಾವುದು ಕೆಟ್ಟರೂ ಅದೇ ಹೆಸರು. ಅವುಗಳಲ್ಲಿ ಆರ್‌ಪಿಇ65 ಎಂಬ ಒಂದಕ್ಕೆ ಮಾತ್ರ ಜೀನ್ ಚಿಕಿತ್ಸೆಗೆ 2017ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು, ಲಕ್ಸ್‌ಟರ್ನಾ ಎಂದು. ಎರಡು ಕಣ್ಣಿಗೆ ಅವರು ಇಟ್ಟ ಬೆಲೆ 8 ಲಕ್ಷ 50 ಸಾವಿರ ಡಾಲರ್. ಬೆಲೆ ಕೇಳಿ ನಗಬೇಡಿ. ನಿಮ್ಮ ಕೆಟ್ಟ ಜೀನ್ ಯಾವುದೆಂದು ಗೊತ್ತಿಲ್ಲದೆ ಮುಂದೆ ಬರುವ ಅನೇಕ ಟ್ರಯಲ್‌ಗಳ ಬಾಗಿಲು ತಟ್ಟಲು ಆಗುವುದಿಲ್ಲ.

ಡೊಂಬಿವಲಿ ಮಗಳು

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ.

ಕ್ಲಿನಿಕ್‌ಗೆ ಫೋನ್ ಮಾಡಿದೆ. ಸಿಟಿಆರ್‌ಐ ಸಂಖ್ಯೆ ಕೇಳಿದ್ದಕ್ಕೆ 'ಡಾಕ್ಟರು ಹೇಳುತ್ತಾರೆ' ಎಂದರು. ಅನುಮತಿಪತ್ರ ಕೇಳಿದ್ದಕ್ಕೆ 'ನಿಮ್ಮದೇ ಕೋಶ ನಿಮಗೇ ಹಾಕುವುದಕ್ಕೆ ಅನುಮತಿ ಏಕೆ?' ಎಂದು ತಿರುಗಿ ಕೇಳಿದರು. ಎರಡೂ ಕಣ್ಣಿಗೆ ಒಂದೇ ದಿನ ಏಕೆ ಎಂದು ಕೇಳಿದಾಗ, ಒಂದೊಂದೇ ಮಾಡಿಸಿದರೆ ರಿಯಾಯಿತಿ ಇಲ್ಲ ಎಂದರು! ಅಪ್ಪ ಸ್ಪೀಕರ್‌ನಲ್ಲಿ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಏನೂ ಹೇಳಲಿಲ್ಲ. ಸಂಜೆ ಚಿಕ್ಕಪ್ಪನಿಗೆ ಫೋನ್ ಮಾಡಿ ತೋಟದ ಕಾಗದ ಸೊಸೈಟಿಗೆ ಕೊಡಬೇಡ ಎಂದರು, ಅಷ್ಟೇ. ಆಮೇಲೆ ಠಾಣೆ ಅತ್ತಿಗೆಯವರು ಬರೆದದ್ದನ್ನು ಇನ್ನೊಮ್ಮೆ ಓದು ಎಂದರು.

ಬೇರೆ ಆಸ್ಪತ್ರೆಯಲ್ಲಿ ರೆಟಿನಾ ಡಾಕ್ಟರಿಗೆ ತೋರಿಸಿದೆವು. ಸ್ಕ್ಯಾನ್ ಮಾಡಿದರು. ಎರಡೂ ಕಣ್ಣಿನ ಮ್ಯಾಕ್ಯುಲದಲ್ಲಿ ನೀರು ತುಂಬಿ ಊದಿಕೊಂಡಿದೆ, ಈ ಕಾಯಿಲೆಯವರಲ್ಲಿ ಕೆಲವರಿಗೆ ಹಾಗಾಗುತ್ತದೆ ಎಂದರು. ಎಡಗಣ್ಣಿನಲ್ಲಿ ಲೆನ್ಸ್‌ನ ಹಿಂಬದಿಗೆ ಪೊರೆಯೂ ಬಂದಿದೆ. ಒಂದು ವರ್ಷದಿಂದ ಸಣ್ಣ ಅಕ್ಷರ ಮಸುಕಾದದ್ದಕ್ಕೆ ಮುಖ್ಯ ಕಾರಣ ಅವೆರಡೇ ಇರಬಹುದಂತೆ. ಊತಕ್ಕೆ ಹನಿಮದ್ದು ಕೊಟ್ಟಿದ್ದಾರೆ, ಪೊರೆಯ ಆಪರೇಷನ್ ಊತ ಇಳಿದ ಮೇಲೆ. ಕೊಳವೆ ಅಗಲವಾಗುವುದಿಲ್ಲ, ಅದನ್ನು ಡಾಕ್ಟರು ಮೂರು ಸಲ ಹೇಳಿದರು. ಆರು ತಿಂಗಳಿಗೊಮ್ಮೆ ಬರಬೇಕಾದದ್ದು ಇವನ್ನು ನೋಡುವುದಕ್ಕಂತೆ. ಅಪ್ಪ ಆ ಮಾತು ಕೇಳಿ, 'ಇಷ್ಟನ್ನು ಅವತ್ತೇ ಹೇಳಬಹುದಿತ್ತಲ್ಲ' ಎಂದು ಕನ್ನಡದಲ್ಲಿ ಗೊಣಗಿದರು. ಡಾಕ್ಟರು ಮರಾಠಿಯವರು, ಅರ್ಥವಾಗಲಿಲ್ಲ. ನಾನು ಅನುವಾದಿಸಲಿಲ್ಲ.

ಹದಿನೆಂಟು ದಿನದ ಹನಿಯ ಮೇಲೆ ನಿನ್ನೆ ಪತ್ರಿಕೆಯ ವರ್ಗೀಕೃತ ಜಾಹೀರಾತು ಓದಿದರು. ಅರ್ಧ ಸಾಲಿಗೆ ನಿಂತು ಕಣ್ಣುಜ್ಜಿಕೊಂಡು ಮತ್ತೆ ಓದಿದರು. ಸ್ಟೇಷನ್ನಿನ ಬೀಪ್ ಸದ್ದನ್ನೂ ಕೇಳಿಸಿದೆ, 'ಇದು ಇಷ್ಟು ದಿನ ಎಲ್ಲಿತ್ತು?' ಎಂದರು. ನೋಟದ ಅಗಲ 8 ಡಿಗ್ರಿ ಬಂದಿದೆ. ಕಾಗದ ಮಾಡಿಸಲು ಒಪ್ಪಿದ್ದಾರೆ, ಕೋಲು ಹಿಡಿಯಲು ಇನ್ನೂ ಇಲ್ಲ.

ಜೀನ್ ಪರೀಕ್ಷೆಗೆ ರಕ್ತ ಕೊಟ್ಟಿದ್ದೇವೆ, ವರದಿ ಇನ್ನೂ ಬಂದಿಲ್ಲ. ಕೌನ್ಸೆಲರ್ ವಂಶವೃಕ್ಷ ಬರೆಯುತ್ತಾ ಕೇಳಿದರು, ಅಜ್ಜ ಅಜ್ಜಿ ಸಂಬಂಧದಲ್ಲಿ ಮದುವೆಯಾದವರೇ ಎಂದು. ಹೌದು, ಅಜ್ಜ ಅಕ್ಕನ ಮಗಳನ್ನು ಮದುವೆಯಾದವರು. ಆಗ ಅವರು ಹಾಳೆಯ ಮೇಲೆ, ರಕ್ತಸಂಬಂಧದ ಮದುವೆಯ ಗುರುತಾಗಿ, ಎರಡು ಗೆರೆ ಎಳೆದರು. ಈಗ ನನ್ನ ಪ್ರಶ್ನೆ ಬೇರೆಯೇ ಇದೆ. ಅಪ್ಪನ ತಂಗಿಯ ಮಗನ ಜಾತಕ ನಮ್ಮ ಮನೆಯಲ್ಲಿದೆ, ನವರಾತ್ರಿಯ ಹೊತ್ತಿಗೆ ಮಾತುಕತೆ ಎಂದಿದ್ದಾರೆ.

ಪಾಷಾಣ್ ನಿವಾಸಿ

ವರದಿ ಬರಲಿ, ಅದಕ್ಕೆ ಮೊದಲು ಹೆದರಬೇಡಿ. ಅಪ್ಪನದು ಎರಡೂ ಕಡೆಯಿಂದ ಕೆಟ್ಟ ಜೀನ್ ಬಂದ ಬಗೆ ಎಂದಾದರೆ, ನಿಮ್ಮಲ್ಲಿ ಅದರ ಒಂದು ಪ್ರತಿ ಇದ್ದೇ ಇರುತ್ತದೆ. ಅದರಿಂದ ನಿಮ್ಮ ಕಣ್ಣಿಗೆ ಏನೂ ಆಗುವುದಿಲ್ಲ. ಅತ್ತೆಗೆ ಕಾಯಿಲೆ ಇಲ್ಲದಿದ್ದರೂ ಅವರಲ್ಲಿ ಒಂದು ಪ್ರತಿ ಇರುವ ಸಾಧ್ಯತೆ ಮೂರರಲ್ಲಿ ಎರಡು, ಅವರ ಮಗನಲ್ಲಿ ಇರುವುದು ಮೂರರಲ್ಲಿ ಒಂದು. ಇಬ್ಬರಲ್ಲಿಯೂ ಇದ್ದರೆ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಪ್ಪನ ಜೀನ್ ಯಾವುದೆಂದು ತಿಳಿದ ಮೇಲೆ ಹುಡುಗನಿಗೆ ಆ ಒಂದೇ ಜಾಗವನ್ನು ನೋಡಿದರೆ ಸಾಕು, ಸಣ್ಣ ಪರೀಕ್ಷೆ. ಅದೇ ಕೌನ್ಸೆಲರ್‌ನ ಬಳಿ ಇಬ್ಬರೂ ಒಟ್ಟಿಗೆ ಹೋಗಿ.

ಡೊಂಬಿವಲಿ ಮಗಳು

ಅವನಿಗೆ ಈ ಕೊಂಡಿಯನ್ನೇ ಕಳಿಸಿದ್ದೇನೆ. ಓದಿದ್ದಾನೆ, ಎರಡು ನೀಲಿ ಗೆರೆ ಬಂದಿವೆ. ಉತ್ತರ ಬಂದಿಲ್ಲ.